ಕಾವಲು ನಿಂತ ಮಕ್ಕಳು

ಔರಾದಿನ ಅಂಗನವಾಡಿಯೊಂದರ ಕಟ್ಟೆಯಿಂದ ಬೀದರ್ ಬಸ್ ಹೊರಟಿದೆ ಎನ್ನಿ. ಊಟದ ತಟ್ಟೆ ತಿರುಗಿಸುವವನು ಡ್ರೈವರ್, ಬೇವಿನ ಎಲೆ ಹರಿದು ಹಂಚುವವಳು ಕಂಡಕ್ಟರ್. ಸಂತಪುರ ಬರುವ ತನಕ ಯಾರೂ ಏಳುವಂತಿಲ್ಲ. ಟೀಚರ್ ‘ಸುಮ್ನೆ ಕೂಡ್ರಿ’ ಎಂದರೆ ಕೂಡದ ಮಕ್ಕಳು ಇಲ್ಲಿ ಹೇಗೆ ಕೂಡುತ್ತವೆ? ಈ ಗುಟ್ಟು ಬಿಡಿಬಿಡಿಯಾಗಿ ಬಿಚ್ಚಿಕೊಂಡಿತು.

ಮೊದಲ ಎಳೆ ಸಿಕ್ಕಿದ್ದು ಸ್ವಿಟ್ಜರ್‌ಲೆಂಡಿನಲ್ಲಿ. ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯವರ ಮಗಳು ಜಾಕ್ಲೀನ್‌ಗೆ ಆಗ ಒಂದೂಕಾಲು ವರ್ಷ. ಕುಚ್ಚಿನ ಅಂಚಿನ ಬಟ್ಟೆಯೊಂದು ಅವಳಿಗೆ ದಿಂಬಿನಂತೆ ಕಂಡಿತು. ಅದನ್ನು ಹಿಡಿದು, ಬೆರಳು ಚೀಪುತ್ತ ಮಲಗಿ, ನಕ್ಕಳು. ನಿದ್ದೆ ಬಂದಿರಲಿಲ್ಲ, ಬಂದ ಹಾಗೆ ಆಡಿದ್ದಳು. ಎದುರಿಗಿಲ್ಲದ್ದನ್ನು ಮನಸ್ಸಿಗೆ ತಂದುಕೊಳ್ಳುವ ಶಕ್ತಿ ಇಂಥ ಆಟದಲ್ಲಿದೆ ಎಂದು ಪಿಯಾಜೆ 1945ರ ಪುಸ್ತಕದಲ್ಲಿ ವಿವರಿಸಿದರು.

ಎರಡನೆಯ ಎಳೆ ಆ ಪುಸ್ತಕಕ್ಕೂ ಮೊದಲಿನದು. 1933ರಲ್ಲಿ ಲೆನಿನ್‌ಗ್ರಾಡಿನ ಉಪನ್ಯಾಸದಲ್ಲಿ ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಹೇಳಿದ್ದು: ಕೋಲನ್ನು ಕುದುರೆ ಮಾಡಿದ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುತ್ತದೆ, ಪಾತ್ರ ಹೊತ್ತ ಮಗು ಅದರ ಕಟ್ಟುಪಾಡನ್ನೂ ಹೊರುತ್ತದೆ. ತಾಯಿಯಾದವಳು ತಾಯಿಯ ಹಾಗೆಯೇ ನಡೆಯಬೇಕು. ಮರುವರ್ಷವೇ ಅವರು ತೀರಿಕೊಂಡರು. ಉಪನ್ಯಾಸ ಅಚ್ಚಾಗಲು 1966ರ ತನಕ ಕಾಯಬೇಕಾಯಿತು.

ಅಷ್ಟರಲ್ಲಿ ಈ ಮಾತು ಪರೀಕ್ಷೆಗೂ ಒಳಗಾಗಿತ್ತು. ಸೋವಿಯತ್ ಸಂಶೋಧಕ ಮನುಯಿಲೆಂಕೊ ಮಕ್ಕಳಿಗೆ ಅಲುಗಾಡದೆ ನಿಲ್ಲಲು ಹೇಳಿದರು. ಆಮೇಲೆ ಅದೇ ಕೆಲಸವನ್ನು ಆಟವಾಗಿಸಿ, ‘ನೀನು ಕಾವಲುಗಾರ’ ಎಂದರು. ಕಾವಲುಗಾರರಾದಾಗ ಮಕ್ಕಳು ಹೆಚ್ಚು ಹೊತ್ತು ನಿಂತರು. ಅವರ ವರದಿ 1948ರಲ್ಲಿ ಪ್ರಕಟವಾಯಿತು. ಅಪ್ಪಣೆ ಹೊರಗಿನದು, ಪಾತ್ರ ತನ್ನದು. ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳುವುದನ್ನು ಮಗು ಆಟದಲ್ಲೇ ರೂಢಿಸಿಕೊಳ್ಳುತ್ತದೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. 2013ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಏಂಜಲೀನ್ ಲಿಲ್ಲರ್ಡ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಜಾಲಾಡಿದರು. ನಟನೆಯ ಆಟವೇ ಬುದ್ಧಿ ಬೆಳೆಸುತ್ತದೆ ಎನ್ನಲು ಪುರಾವೆ ಸಾಲದು, ಅದು ಹಲವು ದಾರಿಗಳಲ್ಲಿ ಒಂದಿರಬಹುದು ಎಂದರು. ಆಟಕ್ಕೆ ಮಂತ್ರಶಕ್ತಿ ಕಟ್ಟುವವರು ಈ ಎಚ್ಚರಿಕೆ ಮರೆಯಬಾರದು.

ಆದರೂ ಬೀದರ್, ಭಾಲ್ಕಿಯ ಅಂಗನವಾಡಿಗಳಿಗೆ ಇದರಲ್ಲಿ ಬಳಕೆಗೆ ಬರುವ ಮಾತಿದೆ. ಅಂಗನವಾಡಿಗಳಿಗಾಗಿ 1975ರಲ್ಲಿ ಆರಂಭವಾದ ಐಸಿಡಿಎಸ್ ಯೋಜನೆ ಶಾಲಾಪೂರ್ವ ಶಿಕ್ಷಣಕ್ಕೆ ಗೊತ್ತುಮಾಡಿದ್ದು 3ರಿಂದ 6 ವರ್ಷದವರನ್ನು. ಮಕ್ಕಳು ಪಾತ್ರಗಳಲ್ಲಿ ಮುಳುಗುವ ವಯಸ್ಸೂ ಅದೇ. ಇದಕ್ಕೆ ದುಬಾರಿ ಆಟಿಕೆ ಬೇಡ. ಮಣ್ಣಿನ ರೊಟ್ಟಿ ಬಡಿಯುವವಳು, ಬೇಳೆ ತೂಗುವ ಅಂಗಡಿಯವನು, ಸರದಿ ಕಾಯುವ ಗಿರಾಕಿ ಸಾಕು. ‘ಬರೀ ಆಡಸ್ತೀರಿ, ಅಕ್ಷರ ಯಾವಾಗ?’ ಎಂದು ಕೇಳುವ ಪೋಷಕರಿಗೆ ಟೀಚರ್ ಆ ಗಿರಾಕಿಯನ್ನು ತೋರಿಸಲಿ: ಪಾಟಿ ಹಿಡಿಯುವ ಮೊದಲು ಕಲಿಯಬೇಕಾದ ತಾಳ್ಮೆಯನ್ನು ಅವನು ಅಲ್ಲಿ ಕಲಿಯುತ್ತಿದ್ದಾನೆ.