ಅಂಚೆಪೆಟ್ಟಿಗೆ ಮೇಲೆ ಯಾರ ಹೆಸರಿದೆ? ಜರ್ಮನಿಯಲ್ಲಿ ಸಂಸಾರ ಹೂಡುವವರಿಗೆ

ಇವತ್ತು ಮಾತಾಡೋದು ವೀಸಾ ಬಗ್ಗೆ ಅಲ್ಲ, ಸಂಬಳದ ಬಗ್ಗೆನೂ ಅಲ್ಲ. ಅವೆರಡನ್ನೂ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ವಿಮಾನ ಇಳಿದು, ಮನೆ ಸಿಕ್ಕಿ, ಒಬ್ಬರು ಆಫೀಸಿಗೆ ಹೊರಟ ಮೇಲೆ, ಮನೆಯಲ್ಲಿ ಉಳಿದ ಇನ್ನೊಬ್ಬರ ಕೈಗೆ ಬೀಳುವ ಕೆಲಸಗಳಿವೆಯಲ್ಲ, ಅವುಗಳ ಬಗ್ಗೆ ಮಾತಾಡೋಣ. ಪುಣೆಯಿಂದ, ಚೆನ್ನೈಯಿಂದ ಕಾರು ಕಂಪನಿ, ಸಾಫ್ಟ್‌ವೇರ್ ಅಂತ ಜರ್ಮನಿಗೆ ಹೊರಟಿರೋ ಕನ್ನಡದ ಮನೆಗಳು ಈಗ ಸಾಕಷ್ಟಿವೆ. ನಾವೂ ಹನ್ನೊಂದು ವರ್ಷ ಪುಣೆಯಲ್ಲಿದ್ದು ಸ್ಟುಟ್‌ಗಾರ್ಟ್‌ಗೆ ಬಂದವರು. (ಮುಂಬೈಯವರಿಗೆ ಒಂದು ಮಾತು: 1968 ರಿಂದ ನಿಮ್ಮ ಊರೂ ಸ್ಟುಟ್‌ಗಾರ್ಟೂ ಸೋದರಿ ನಗರಗಳು.)

ಕರ್ನಾಟಕದ ಹೊರಗಿರೋ ನಾವು ಒಂದು ಸಲ ಊರು ಬಿಟ್ಟು ಪಳಗಿದವರೇ. ಆದರೆ ಆ ಅನುಭವ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತೆ. ಪುಣೆಯಲ್ಲಿ ಸಂಸಾರ ಕಟ್ಟಿದ್ದು ಬಾಯಿಂದ. ವಾಚ್‌ಮನ್‌ಗೆ ಹೇಳಿದರೆ ಹಾಲಿನವನು ಬಂದ, ಹಾಲಿನವನಿಗೆ ಹೇಳಿದರೆ ಕೆಲಸದವಳು ಬಂದಳು, ತರಕಾರಿ ಗಾಡಿಯವಳ ಹತ್ತಿರ ಚೌಕಾಸಿ ಮಾಡ್ತಾ ಮಾಡ್ತಾ ಮರಾಠಿಯೂ ಬಂತು. ಜರ್ಮನಿಯಲ್ಲಿ ಸಂಸಾರ ನಡೆಯೋದು ಕಾಗದದ ಮೇಲೆ. ಅದೂ ಅಂಚೆಯಲ್ಲಿ ಬರುವ ಕಾಗದದ ಮೇಲೆ.

ಹಾಗಾಗಿ ಮೊದಲನೇ ಕೆಲಸ ಗ್ಯಾಸೂ ಅಲ್ಲ, ಇಂಟರ್‌ನೆಟ್ಟೂ ಅಲ್ಲ. ಅಂಚೆಪೆಟ್ಟಿಗೆ ಮೇಲೆ, ಕರೆಗಂಟೆಯ ಪಕ್ಕ ಹೆಸರು ಹಾಕಿಸೋದು. ಇಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಅನ್ನೋದೇ ಇಲ್ಲ. ‘ಬಿ ವಿಂಗ್, 304’ ಅಂತ ಬರೆಯೋ ಅಭ್ಯಾಸ ಬಿಡಬೇಕು. ರಸ್ತೆ, ಕಟ್ಟಡದ ಸಂಖ್ಯೆ, ಹೆಸರು, ಇಷ್ಟೇ ವಿಳಾಸ. ಪೆಟ್ಟಿಗೆ ಮೇಲೆ ಆ ಹೆಸರು ಕಾಣದಿದ್ದರೆ ಅಂಚೆಯವನು ಕಾಗದ ವಾಪಸ್ ಒಯ್ಯುತ್ತಾನೆ, ಮುಗೀತು. ನಮ್ಮಲ್ಲಿ ಗಂಡ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಬೇರೆ ಬೇರೆ ಇರೋದು ಮಾಮೂಲು. ಒಬ್ಬರಿಗೆ ತಂದೆ ಹೆಸರು, ಇನ್ನೊಬ್ಬರಿಗೆ ಊರ ಹೆಸರು, ಮಗುವಿಗೆ ಮತ್ತೊಂದು. ಮೂರಿದ್ದರೆ ಮೂರನ್ನೂ ಬರೆಸಿ. ಪೆಟ್ಟಿಗೆ ಚಿಕ್ಕದು ಅನಿಸಿದರೆ ಅಕ್ಷರ ಚಿಕ್ಕದು ಮಾಡಿ, ಹೆಸರು ಬಿಡಬೇಡಿ. ಬಿಟ್ಟುಹೋಗೋದು ಸಾಮಾನ್ಯವಾಗಿ ಹೆಂಡತಿಯ ಹೆಸರೇ, ಅದಕ್ಕೆ ಇಷ್ಟು ಒತ್ತಿ ಹೇಳ್ತಿದ್ದೀನಿ.

ಯಾಕೆ ಇಷ್ಟೊಂದು ಅಂದರೆ, ಎಲ್ಲವೂ ಆ ಪೆಟ್ಟಿಗೆಗೇ ಬರೋದು. ಮನೆ ಸೇರಿದ 2 ವಾರದೊಳಗೆ ನಗರದ ಕಚೇರಿಗೆ ಹೋಗಿ ವಾಸದ ನೋಂದಣಿ ಮಾಡಿಸಬೇಕು. ಆನ್‌ಮೆಲ್ಡುಂಗ್ ಅಂತಾರೆ. ಅದಕ್ಕೆ ಬಾಡಿಗೆ ಕರಾರು ಸಾಲದು, ‘ಇವರು ಇಂಥ ದಿನ ನನ್ನ ಮನೆಗೆ ಬಂದಿದ್ದಾರೆ’ ಅಂತ ಮಾಲೀಕರು ಸಹಿ ಮಾಡಿದ ಪ್ರತ್ಯೇಕ ಕಾಗದ ಬೇಕು. ಅದರಲ್ಲಿ ಮನೆಗೆ ಬಂದ ಪ್ರತಿಯೊಬ್ಬರ ಹೆಸರೂ ಇರಬೇಕು. ಗಂಡ ಮೊದಲು ಬಂದು, ಹೆಂಡತಿ ಮಕ್ಕಳು ಮೂರು ತಿಂಗಳ ಮೇಲೆ ಬಂದರೆ ಅವರ ಹೆಸರಿನ ಕಾಗದ ಮತ್ತೆ ಮಾಡಿಸಬೇಕು. ಮಾಲೀಕರಿಗೆ ಮೊದಲೇ ಹೇಳಿಟ್ಟಿರಿ.

ನೋಂದಣಿ ಆದ ಮೇಲೆ ಕೆಲವು ವಾರದಲ್ಲಿ ಪ್ರತಿಯೊಬ್ಬರಿಗೂ, ಕೈಗೂಸಿಗೂ ಸೇರಿಸಿ, 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತೆ. ಹುಟ್ಟಿನಿಂದ ಸಾವಿನವರೆಗೆ ಅದೊಂದೇ. ಅದೇ ಪೆಟ್ಟಿಗೆಗೆ ಆರೋಗ್ಯ ವಿಮೆಯ ಕಾರ್ಡು, ಬ್ಯಾಂಕಿನ ಕಾರ್ಡು, ಅದರ ಪಿನ್ ಇನ್ನೊಂದು ದಿನ ಬೇರೆ ಲಕೋಟೆಯಲ್ಲಿ. ಆಮೇಲೆ ರೇಡಿಯೋ ಟಿವಿ ಶುಲ್ಕದ ಪತ್ರ. ತಿಂಗಳಿಗೆ 18.36 ಯೂರೋ, ಮನೆಗೆ ಒಂದು, ಟಿವಿ ಇದ್ದರೂ ಇಲ್ಲದಿದ್ದರೂ. ನಮ್ಮವರು ಇದನ್ನು ಮೋಸದ ಪತ್ರ ಅಂತ ಕಸಕ್ಕೆ ಹಾಕ್ತಾರೆ. ಅದು ನಿಜವಾದ ಪತ್ರ, ಕಟ್ಟಲೇಬೇಕು. ಒಂದೇ ಮನೆಯ ಇಬ್ಬರಿಗೂ ಬೇರೆ ಬೇರೆ ಪತ್ರ ಬಂದರೆ, ಒಬ್ಬರು ಕಟ್ಟುತ್ತಿದ್ದೇವೆ ಅಂತ ಅವರ ಸಂಖ್ಯೆ ಬರೆದು ಉತ್ತರಿಸಿದರೆ ಸಾಕು.

ಹಳದಿ ಲಕೋಟೆ ಬಂದರೆ ಮಾತ್ರ ಬೇರೆಲ್ಲ ಬಿಟ್ಟು ಮೊದಲು ಅದನ್ನು ಒಡೆಯಿರಿ, ಲಕೋಟೆ ಎಸೆಯಬೇಡಿ. ಅದರ ಮೇಲೆ ಅಂಚೆಯವನು ಬರೆದ ತಾರೀಖೇ ನಿಮಗೆ ತಲುಪಿದ ತಾರೀಖು. ನೀವು ಸಹಿ ಹಾಕಿರಬೇಕು ಅಂತಿಲ್ಲ, ಪೆಟ್ಟಿಗೆಗೆ ಹಾಕಿದರೂ ತಲುಪಿದ ಹಾಗೇ ಲೆಕ್ಕ. ದಂಡದ ಆದೇಶ ಆಗಿದ್ದರೆ ಆಕ್ಷೇಪಣೆಗೆ ಆ ದಿನದಿಂದ 2 ವಾರ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಪೆಟ್ಟಿಗೆಯ ಕೀಲಿಯನ್ನು ನಂಬಿಕಸ್ತರಿಗೆ ಕೊಟ್ಟೇ ಹೋಗಬೇಕು. ಪಕ್ಕದ ಮನೆಯ ಅಜ್ಜಿಗೆ ಕೊಟ್ಟು ಬಂದರೂ ಆಗುತ್ತೆ, ನಾನು ಹಾಗೇ ಮಾಡೋದು.

ಈಗ ಒಂದು ಸ್ವಲ್ಪ ಮುಜುಗರದ ವಿಷಯ. ಪುಣೆಯಲ್ಲಿ ಕೆಲಸದಲ್ಲಿದ್ದ ಹೆಂಗಸರು ಇಲ್ಲಿ ಬಂದು ಆರು ತಿಂಗಳಲ್ಲಿ ‘ಡಿಪೆಂಡೆಂಟ್’ ಅನ್ನೋ ಪದವನ್ನು ನಿಜ ಅಂತ ನಂಬಿಬಿಡ್ತಾರೆ. ಕಾನೂನು ಹಾಗೆ ಹೇಳಲ್ಲ. ಸಂಗಾತಿಯಾಗಿ ಬಂದವರ ವಾಸದ ಕಾರ್ಡಿನಲ್ಲಿ ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲೌಬ್ಟ್’ ಅಂತ ಇರುತ್ತೆ, ಅಂದರೆ ಉದ್ಯೋಗ ಮಾಡಲು ಅನುಮತಿ ಇದೆ. ಮಾಡ್ತೀರೋ ಬಿಡ್ತೀರೋ ನಿಮ್ಮಿಷ್ಟ. ಆದರೆ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿ. ಬ್ಯಾಂಕ್ ಖಾತೆಯನ್ನು ಜಂಟಿಯಾಗಿ ತೆರೆಯಿರಿ. ಮಗುವಿನ ವೈದ್ಯರ ಹತ್ತಿರ, ಶಿಶುವಿಹಾರದಲ್ಲಿ ಇಬ್ಬರ ಫೋನ್ ನಂಬರೂ ಕೊಡಿ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಸಂಪಾದನೆಯಿಲ್ಲದ ಸಂಗಾತಿ ಮತ್ತು ಮಕ್ಕಳಿಗೆ ಹೆಚ್ಚಿನ ಕಂತಿಲ್ಲ, ಆದರೆ ಅರ್ಜಿ ಹಾಕಿದರೆ ಮಾತ್ರ ಹೆಸರು ಸೇರುತ್ತೆ. ಗಂಡ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋದ ವಾರ ಮಗುವಿಗೆ ಜ್ವರ ಬಂದರೆ, ಕಾರ್ಡು ನಿಮ್ಮ ಕೈಯಲ್ಲಿರಬೇಕು, ಮಾತಾಡುವ ಧೈರ್ಯ ನಿಮ್ಮ ಬಾಯಲ್ಲಿರಬೇಕು. ಭಾಷೆಗೆ ಪ್ರತಿ ಊರಲ್ಲೂ ಫೋಕ್ಸ್‌ಹೋಖ್‌ಶೂಲೆ ಅನ್ನೋ ಜನರ ಶಾಲೆ ಇರುತ್ತೆ, ಕಡಿಮೆ ಶುಲ್ಕದಲ್ಲಿ ಜರ್ಮನ್ ಕಲಿಸ್ತಾರೆ. ಮೊದಲನೇ ತಿಂಗಳಲ್ಲೇ ಸೇರಿ. ಮನೆ ಸೆಟ್ ಆಗಲಿ ಅಂತ ಕಾಯಬೇಡಿ, ಮನೆ ಯಾವತ್ತೂ ಸೆಟ್ ಆಗಲ್ಲ.

ಜ್ವರದ ಮಾತು ಬಂತು, ಅದನ್ನೇ ಮುಂದುವರಿಸ್ತೀನಿ. ಭಾರತದ ತಾಯಂದಿರಿಗೆ ಇಲ್ಲಿ ದೊಡ್ಡ ಆಘಾತ ಮಕ್ಕಳ ವೈದ್ಯರದ್ದು. ಮೊದಲನೆಯದಾಗಿ, ಬಹಳ ಕಡೆ ಹೊಸ ಮಕ್ಕಳನ್ನು ತೆಗೆದುಕೊಳ್ಳೋದೇ ಇಲ್ಲ. ನಮಗೆ ಹತ್ತಿರದ ಒಂದು ಚಿಕಿತ್ಸಾಲಯದಲ್ಲಿ ಬಾಗಿಲಲ್ಲೇ ‘ಜಾಗ ಇಲ್ಲ’ ಅಂದರು, ಮಗು ಹೆಗಲ ಮೇಲೆ ಮಲಗಿತ್ತು. ಆದ್ದರಿಂದ ಮಗು ಆರೋಗ್ಯವಾಗಿರುವಾಗಲೇ ಸುತ್ತಮುತ್ತ ಫೋನ್ ಮಾಡಿ ಒಬ್ಬ ವೈದ್ಯರ ಹತ್ತಿರ ಹೆಸರು ಬರೆಸಿಡಿ. ಸಿಗದಿದ್ದರೆ ವಿಮೆಯವರನ್ನೇ ಕೇಳಿ. ರಾತ್ರಿ, ಭಾನುವಾರ, ವೈದ್ಯರು ಮುಚ್ಚಿರುವಾಗ 116117 ಗೆ ಕರೆ ಮಾಡಿ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿದ್ದು, ಇಂಥ ಜೀವಕ್ಕೆ ಅಪಾಯ ಇರೋದಕ್ಕೆ 112. ಈ ಎರಡು ನಂಬರನ್ನು ಫ್ರಿಜ್ ಮೇಲೆ ಅಂಟಿಸಿ, ಪಕ್ಕದಲ್ಲಿ ನಿಮ್ಮ ವಿಳಾಸವನ್ನು ಜರ್ಮನ್ ಉಚ್ಚಾರದಲ್ಲಿ ಕನ್ನಡದಲ್ಲೇ ಬರೆದಿಡಿ. ಗಾಬರಿಯಲ್ಲಿ ರಸ್ತೆಯ ಹೆಸರು ನಾಲಿಗೆಗೆ ಬರಲ್ಲ.

ಎರಡನೆಯದು, ವೈದ್ಯರು ಔಷಧಿ ಕೊಡೋದರಲ್ಲಿ ಬಹಳ ಬಿಗಿ. ಮಗು ಚೆನ್ನಾಗಿ ನೀರು ಕುಡೀತಾ, ಆಡ್ತಾ ಇದ್ದರೆ ಸಾಮಾನ್ಯ ಜ್ವರಕ್ಕೆ ವಿಶ್ರಾಂತಿ, ಚಹಾ ಅಂತ ಕಳಿಸಿಬಿಡ್ತಾರೆ. ಇಲ್ಲಿ ಚಹಾ ಅಂದರೆ ಸೋಂಪು, ಕ್ಯಾಮಮೈಲ್ ಹಾಕಿದ ಕಷಾಯ, ನಮ್ಮ ಚಹಾ ಅಲ್ಲ. ಪುಣೆಯ ಮೆಡಿಕಲ್ ಸ್ಟೋರಿನ ಹಾಗೆ ಕೇಳಿದ ಕೂಡಲೇ ಆ್ಯಂಟಿಬಯೋಟಿಕ್ ಸಿಗಲ್ಲ, ಚೀಟಿ ಬೇಕೇ ಬೇಕು. ಪ್ಯಾರಾಸಿಟಮಾಲ್ ಚೀಟಿಯಿಲ್ಲದೆ ಸಿಗುತ್ತೆ. ಚಿಕ್ಕ ಮಕ್ಕಳಿಗೆ ಗುದದಲ್ಲಿ ಇಡುವ ಗುಳಿಗೆಯನ್ನೇ ಸಾಮಾನ್ಯವಾಗಿ ಕೊಡ್ತಾರೆ, ಗಾಬರಿ ಬೀಳಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಅವರ ನಿಧಾನ ಮೊದಮೊದಲು ಸಿಟ್ಟು ತರಿಸುತ್ತೆ, ಆಮೇಲೆ ಸರಿ ಅನಿಸುತ್ತೆ.

ಲಸಿಕೆ ಪುಸ್ತಕವನ್ನು ಕೈಚೀಲದಲ್ಲಿ ತನ್ನಿ, ಲಗೇಜಿನಲ್ಲಿ ಅಲ್ಲ. 2020 ರ ಮಾರ್ಚ್ 1 ರಿಂದ ಶಿಶುವಿಹಾರಕ್ಕೂ ಶಾಲೆಗೂ ಸೇರಿಸುವಾಗ ದಡಾರದ ಲಸಿಕೆಯ ಪುರಾವೆ ಕಡ್ಡಾಯ. 2 ವರ್ಷ ತುಂಬಿದ ಮಗುವಿಗೆ ಎರಡು ಡೋಸ್ ಆಗಿರಬೇಕು. ನಮ್ಮ ಪುಸ್ತಕಗಳಲ್ಲಿ ಎಷ್ಟೋ ಸಲ ಬರೀ ಪೆನ್ಸಿಲ್ ಟಿಕ್ ಇರುತ್ತೆ. ಹೊರಡೋ ಮೊದಲು ತಾರೀಖು, ಲಸಿಕೆಯ ಹೆಸರು, ವೈದ್ಯರ ಸಹಿ, ಮುದ್ರೆ ಹಾಕಿಸಿ. ಮಗುವಿನ ತೋಳಿನ ಬಿಸಿಜಿ ಕಲೆ ನೋಡಿ ಇದೇನು ಅಂತ ಕೇಳಿದರೆ ಆಶ್ಚರ್ಯ ಪಡಬೇಡಿ, ಇಲ್ಲಿ 1998 ರಿಂದ ಆ ಲಸಿಕೆಯ ಶಿಫಾರಸು ಇಲ್ಲ.

ಶಿಶುವಿಹಾರಕ್ಕೆ ಇಲ್ಲಿ ಕೀಟಾ ಅಂತಾರೆ. 2013 ರ ಆಗಸ್ಟ್‌ನಿಂದ 1 ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಪಡೆಯುವ ಕಾನೂನಿನ ಹಕ್ಕಿದೆ. ಹಕ್ಕಿದೆ, ಜಾಗ ಇಲ್ಲ. ವಿಳಾಸ ಸಿಕ್ಕಿದ ದಿನವೇ ಅರ್ಜಿ ಹಾಕಿ. ಜಾಗ ಸಿಕ್ಕ ಮೇಲೂ ಮೊದಲ ದಿನ ಮಗುವನ್ನು ಬಿಟ್ಟು ಓಡೋ ಹಾಗಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗೇ ಕೂತು, ದಿನಕ್ಕೆ ಸ್ವಲ್ಪ ಸ್ವಲ್ಪ ಸಮಯ ಹೆಚ್ಚಿಸ್ತಾ, ಕೆಲವು ವಾರ ಮಗುವನ್ನು ಒಗ್ಗಿಸಬೇಕು. ಆ ವಾರಗಳಿಗೆ ರಜೆ ಉಳಿಸಿಕೊಳ್ಳಿ.

ಸೂಟ್‌ಕೇಸ್ ತುಂಬುವವರಿಗೆ ಒಂದೆರಡು ಮಾತು. ಐರೋಪ್ಯ ಒಕ್ಕೂಟದ ಹೊರಗಿಂದ ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ಅಜ್ಜಿ ಕಾಯಿಸಿದ ತುಪ್ಪ, ಧಾರವಾಡ ಪೇಡೆ, ಬೆಳಗಾವಿ ಕುಂದಾ, ಎಲ್ಲ ಅಲ್ಲೇ ತಿಂದು ಬನ್ನಿ. 2019 ರ ಡಿಸೆಂಬರ್ 14 ರಿಂದ ತಾಜಾ ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಹಾಗಾಗಿ ಮಾವಿನಹಣ್ಣು, ಹಸಿ ಕರಿಬೇವು ಎರಡೂ ಹೋಯ್ತು. ಐದೇ ಐದು ಹಣ್ಣಿಗೆ ವಿನಾಯಿತಿ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡೂರಿಯನ್. ಯಾರು ಆ ಪಟ್ಟಿ ಮಾಡಿದರೋ, ಪೂಜೆ ಮಾಡೋ ಜನರ ಕಷ್ಟ ಗೊತ್ತಿದ್ದವರ ಹಾಗಿದೆ. ಸಾರಿನ ಪುಡಿ, ಹಪ್ಪಳ, ಬೇಳೆ ತನ್ನಿ. ಮಿಕ್ಸಿಯೂ ತನ್ನಿ, ಇಲ್ಲಿಯೂ 230 ವೋಲ್ಟೇ. ಪ್ಲಗ್ ಮಾತ್ರ ಬೇರೆ, ಅರ್ಥಿಂಗ್ ಇರುವ ಅಡಾಪ್ಟರ್ ಕೊಳ್ಳಿ.

ಉಪ್ಪಿಟ್ಟಿನ ರವೆಗೆ ಇಂಡಿಯನ್ ಅಂಗಡಿಗೇ ಹೋಗಬೇಕಿಲ್ಲ, ಯಾವ ಸೂಪರ್ ಮಾರ್ಕೆಟ್ಟಿನಲ್ಲೂ ‘ಗ್ರೀಸ್’ ಅಂತ ಸಿಗುತ್ತೆ. ಕೊತ್ತಂಬರಿ ಕಟ್ಟು, ಬೆಂಡೆಕಾಯಿ, ದೊಡ್ಡ ಚೀಲದ ಬೇಳೆಕಾಳಿಗೆ ತುರ್ಕಿಯವರ ಅಂಗಡಿ. ಚಳಿಗಾಲದಲ್ಲಿ ದೋಸೆಹಿಟ್ಟು ಹುಳಿ ಬರಲ್ಲ, ಒಲೆಯ ಓವನ್ನಿನಲ್ಲಿ ಬರೀ ದೀಪ ಹಾಕಿ ರಾತ್ರಿಯಿಡೀ ಇಟ್ಟರೆ ಉಬ್ಬುತ್ತೆ.

ಏನೇ ಕೊಳ್ಳೋದಿದ್ದರೂ ಶನಿವಾರ ಸಂಜೆಯೊಳಗೆ. ಭಾನುವಾರ ಅಂಗಡಿ ಮುಚ್ಚೋದು ಇಲ್ಲಿ ಸಂವಿಧಾನದ ಮಾತು, 1919 ರ ವೈಮರ್ ಸಂವಿಧಾನದಲ್ಲಿದ್ದ ಭಾನುವಾರದ ವಿರಾಮವನ್ನು 1949 ರ ಸಂವಿಧಾನವೂ ಹಾಗೇ ಉಳಿಸಿಕೊಂಡಿದೆ. ಕೆಲವು ಬೇಕರಿ, ದೊಡ್ಡ ರೈಲು ನಿಲ್ದಾಣದ ಅಂಗಡಿ, ಸರದಿಯಲ್ಲಿರುವ ಔಷಧಿ ಅಂಗಡಿ ಇಷ್ಟೇ ತೆರೆದಿರೋದು. ಅವತ್ತು ಗೋಡೆಗೆ ಡ್ರಿಲ್ ಹಾಕೋದು, ಗಾಜಿನ ಬಾಟಲಿ ತೊಟ್ಟಿಗೆ ಹಾಕೋದು ಎರಡೂ ಇಲ್ಲ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಮಾತ್ರ ಕಸಕ್ಕೆ ಹಾಕಬೇಡಿ, ಒಂದೊಂದಕ್ಕೂ 25 ಸೆಂಟ್ ಠೇವಣಿ ಇರುತ್ತೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್.

ನಮ್ಮ ಸ್ಟುಟ್‌ಗಾರ್ಟ್ ಕಡೆ ಇನ್ನೊಂದಿದೆ, ಕೇರ್‌ವೋಖೆ. ‘ಗುಡಿಸುವ ವಾರ’. ನಿಮ್ಮ ಬಾಗಿಲಿಗೆ ಒಂದು ಚಿಕ್ಕ ಫಲಕ ನೇತುಹಾಕಿದ್ದರೆ ಆ ವಾರ ಮೆಟ್ಟಿಲು ಒರೆಸೋದು, ಮುಂದಿನ ಕಾಲುದಾರಿ ಗುಡಿಸೋದು ನಿಮ್ಮ ಸರದಿ. ಕೆಲಸ ಮುಗಿದ ಮೇಲೆ ಫಲಕ ಮುಂದಿನ ಮನೆಗೆ. ಕೆಲವರಿಗೆ ಇದು ಅವಮಾನ ಅನಿಸುತ್ತೆ. ನನಗೆ ಇದರಿಂದಲೇ ಕಟ್ಟಡದ ಅರ್ಧ ಜನ ಪರಿಚಯ ಆದದ್ದು. ಹೊಸಿಲ ಮುಂದೆ ನೀರು ಹಾಕಿ ಗುಡಿಸಿ ಬೆಳೆದವರಿಗೆ ಪೊರಕೆ ಹಿಡಿಯೋಕೆ ನಾಚಿಕೆ ಯಾಕೆ?

ಮಕ್ಕಳು ಶಾಲೆಗೆ ಸೇರಿದ ಮೇಲೆ, ಅಂದರೆ ಸುಮಾರು 6 ವರ್ಷದಿಂದ, ಊರಿಗೆ ಬರೋ ಲೆಕ್ಕವೇ ಬದಲಾಗುತ್ತೆ. ಟಿಕೆಟ್ ಅಗ್ಗ ಅಂತ ರಜೆಗೆ ನಾಲ್ಕು ದಿನ ಮುಂಚೆ ಹೊರಡೋ ಹಾಗಿಲ್ಲ. ಶಾಲೆಗೆ ಹೋಗೋದು ಕಾನೂನಿನ ಕರ್ತವ್ಯ, ಸುಮ್ಮನೆ ತಪ್ಪಿಸಿದರೆ ಅಪ್ಪ ಅಮ್ಮನಿಗೆ ದಂಡ ಬೀಳಬಹುದು. ತಂಗಿಯ ಮದುವೆ, ಮನೆಯಲ್ಲಿ ಸಾವು ಇಂಥದ್ದಕ್ಕೆ ಮೊದಲೇ ಬರೆದು ಕೇಳಿದರೆ ಶಾಲೆಯವರು ರಜೆ ಕೊಡ್ತಾರೆ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದ ಸುಮಾರಿಗೆ ಮುಗಿಯುತ್ತೆ, ಹಾಗಾಗಿ ಗೌರಿ ಗಣೇಶ ಕೆಲವು ವರ್ಷ ರಜೆಯೊಳಗೇ ಬರುತ್ತೆ. ಅಂಥ ವರ್ಷ ಯಾವುದು ಅಂತ ನೋಡಿ, ಪಂಚಾಂಗ, ಶಾಲೆಯ ಕ್ಯಾಲೆಂಡರ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಟಿಕೆಟ್ ಕಾಯ್ದಿರಿಸಿ. ಊರಲ್ಲಿ ಕಾಯ್ತಿರೋ ಅಪ್ಪ ಅಮ್ಮನಿಗೂ ತಾರೀಖು ಮೊದಲೇ ಗೊತ್ತಿರಲಿ.

ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಮುಂದಿನ ಸಲ ಪೂರ್ತಿ ಹೇಳ್ತೀನಿ. ಅಲ್ಲಿಯವರೆಗೆ ಇಷ್ಟು ನೆನಪಿರಲಿ: ಭಾರತದ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಮೇಲೆ 6 ತಿಂಗಳು ಮಾತ್ರ ನಡೆಯುತ್ತೆ, ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಆಗಬೇಕು.