ಆಟದ ನಗರಕ್ಕೆ ಟ್ರೆಲಿಕ್ ಟವರ್
ಪಶ್ಚಿಮ ಲಂಡನ್ನಿನ ಟ್ರೆಲಿಕ್ ಟವರ್ 31 ಅಂತಸ್ತಿನ ವಸತಿ ಕಟ್ಟಡ. ಎರ್ನೋ ಗೋಲ್ಡ್‌ಫಿಂಗರ್ ವಿನ್ಯಾಸದ ಇದು 1972ರಲ್ಲಿ ಪೂರ್ಣಗೊಂಡಿತು. ಸಾರ್ವಜನಿಕ ಬಾಡಿಗೆ ಮನೆಗಳಿಗಾಗಿ ಕಟ್ಟಿಸಿದ್ದು ಗ್ರೇಟರ್ ಲಂಡನ್ ಕೌನ್ಸಿಲ್. ಗಾರೆ, ಬಣ್ಣಗಳ ಮರೆಯಿಲ್ಲದೆ ಕಾಂಕ್ರೀಟನ್ನು ಇದ್ದಂತೆಯೇ ತೋರಿಸುವ ಬ್ರೂಟಲಿಸ್ಟ್ ಶೈಲಿಗೆ ಇದು ಒಳ್ಳೆಯ ಮಾದರಿ.

‘ಸಿಟೀಸ್: ಸ್ಕೈಲೈನ್ಸ್’ನಂಥ ನಗರ ಕಟ್ಟುವ ಗೇಮ್‌ಗೆ ಇದನ್ನು ತರುವವರು ಮೊದಲು ಗಮನಿಸಬೇಕಾದ್ದು ಕಟ್ಟಡ ಎರಡು ಭಾಗವಾಗಿರುವುದನ್ನು. ಲಿಫ್ಟ್, ಮೆಟ್ಟಿಲುಗಳಿರುವ ತೆಳ್ಳನೆಯ ಗೋಪುರ ಪ್ರತ್ಯೇಕವಾಗಿ ನಿಂತಿದೆ. ಮೂರು ಮಹಡಿಗೊಂದರಂತೆ ಮುಚ್ಚಿದ ಸೇತುವೆಗಳು ಅದನ್ನು ಮನೆಗಳಿಗೆ ಜೋಡಿಸುತ್ತವೆ. ಸೇತುವೆಗಳ ನಡುವೆ ಆಕಾಶ ಕಾಣದಿದ್ದರೆ ಮಾದರಿ ಬರಿಯ ಪೆಟ್ಟಿಗೆ. ಗೋಪುರದ ನೆತ್ತಿಯಲ್ಲಿ ಮುಂಚಾಚಿದ ಬಾಯ್ಲರ್ ಕೋಣೆಯನ್ನೂ ಬಿಡುವಂತಿಲ್ಲ.

ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಒಂದು ಮನೆಯ ಮುಂಭಾಗ ರಚಿಸಿ, ಅದನ್ನೇ ನಕಲಿಸಿ ಮೇಲೇರಿಸಬಹುದು. ಬಾಲ್ಕನಿಗಳ ಆಳ ಮಾತ್ರ ನಿಜವಾಗಿಯೇ ಇರಬೇಕು, ಕಟ್ಟಡದ ಗಾಂಭೀರ್ಯವೆಲ್ಲ ಅಲ್ಲಿ ಬೀಳುವ ನೆರಳಿನದು. ಕಾಂಕ್ರೀಟಿನ ಒರಟುತನಕ್ಕೆ ನಾರ್ಮಲ್ ಮ್ಯಾಪ್ ಸಾಕು: ಚಪ್ಪಟೆ ಗೋಡೆಯ ಮೇಲೂ ಬೆಳಕು ಉಬ್ಬುತಗ್ಗುಗಳ ಮೇಲೆ ಬಿದ್ದಂತೆ ತೋರಿಸುವ ಚಿತ್ರವದು. ಮಳೆನೀರು ಇಳಿದ ಕಪ್ಪು ಗೆರೆಗಳನ್ನು ಗೋಡೆಗೆ ಹೊದಿಸುವ ಬಣ್ಣದ ಚಿತ್ರದಲ್ಲೇ, ಅಂದರೆ ಟೆಕ್ಸ್ಚರಿನಲ್ಲೇ, ಬರೆಯುತ್ತಾರೆ. ಹದ ಮೀರಿದರೆ ಜನ ಬಾಳುತ್ತಿರುವ ಮನೆಗಳು ಪಾಳುಬಿದ್ದಂತೆ ಕಾಣುತ್ತವೆ. ಅದು ಈ ಕಟ್ಟಡಕ್ಕೆ ಮಾಡುವ ಅನ್ಯಾಯ.

ರಾತ್ರಿ ಕಿಟಕಿಗಳು ಬೆಳಗಲು ಬೇರೆಯೇ ಮ್ಯಾಪ್ ಬೇಕು. ದೂರದ ನೋಟಕ್ಕೆ ಕಡಿಮೆ ವಿವರದ ಎರಡನೇ ಮಾದರಿಯನ್ನೂ ಕೊಡುತ್ತಾರೆ, ಕಂಪ್ಯೂಟರಿನ ಹೊರೆ ತಗ್ಗಲೆಂದು. ಅದರಲ್ಲಿ ಬಾಲ್ಕನಿಗಳು ಬರಿಯ ಚಿತ್ರವಾದರೂ ಅಡ್ಡಿಯಿಲ್ಲ.