ನೀಲಿ ನಾಲಿಗೆಯ ಹಾವುರಾಣಿ: ಸಾಕಲು ಅಪೇಕ್ಷಿಸುವವರ ಮಾಹಿತಿಗಾಗಿ

ನೀಲಿ ನಾಲಿಗೆಯ ಹಾವುರಾಣಿಗಳು ಟಿಲಿಕ್ವಾ ಎಂಬ ಕುಲಕ್ಕೆ ಸೇರಿದ ಸರೀಸೃಪಗಳಾಗಿದ್ದು, ಆಸ್ಟ್ರೇಲಿಯಾ, ನ್ಯೂಗಿನಿ ಹಾಗೂ ಇಂಡೊನೇಷ್ಯಾದ ಕೆಲವು ದ್ವೀಪಗಳಲ್ಲಿ ವಾಸಿಸುತ್ತವೆ. ಕರ್ನಾಟಕದ ಹಿತ್ತಲುಗಳಲ್ಲಿ ಕಾಣಸಿಗುವ ಹಾವುರಾಣಿಯೂ ಇದೇ ಕುಟುಂಬದ್ದು. ಇಲ್ಲಿ ಅದನ್ನು ವಿಷಜಂತುವೆಂದು ತಪ್ಪಾಗಿ ತಿಳಿದು ಕೊಲ್ಲುವುದುಂಟು. ಆಸ್ಟ್ರೇಲಿಯಾದಲ್ಲಾದರೋ ಮನೆಯಂಗಳಕ್ಕೆ ಬರುವ ನೀಲಿ ನಾಲಿಗೆಯ ಪ್ರಾಣಿಯನ್ನು ಜನರು ಅಕ್ಕರೆಯಿಂದ ಕಾಣುತ್ತಾರೆ. ಎರಡೂ ವಿಷರಹಿತವಾದವು.

ಸುಮಾರು 60 ಸೆಂ.ಮೀ.ವರೆಗೆ ಬೆಳೆಯುವ ಪೂರ್ವ ಆಸ್ಟ್ರೇಲಿಯಾದ ಪ್ರಭೇದವು ಬಸವನಹುಳು, ಕೀಟ, ಹಣ್ಣು, ಹೂವುಗಳನ್ನು ತಿನ್ನುತ್ತದೆ. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಅಪಾಯ ಎದುರಾದಾಗ ಬಾಯಿ ತೆರೆದು ನಾಲಿಗೆಯನ್ನು ಥಟ್ಟನೆ ಚಾಚುವುದೇ ಇದರ ರಕ್ಷಣೋಪಾಯ. ಉತ್ತರ ಆಸ್ಟ್ರೇಲಿಯಾದ ಬಗೆಯೊಂದರ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ನಾಲಿಗೆಯ ಹಿಂಭಾಗವು ನೇರಳಾತೀತ ಕಿರಣಗಳನ್ನು ಹೆಚ್ಚು ಪ್ರತಿಫಲಿಸುತ್ತದೆ. ಮನುಷ್ಯರಿಗೆ ಕಾಣದ ಈ ಹೊಳಪು ಹಕ್ಕಿಗಳಿಗೆ ಕಾಣುತ್ತದೆ. ಆದರೆ ತೋಟಗಳಲ್ಲಿ ಬಸವನಹುಳುಗಳಿಗೆಂದು ಹಾಕುವ ವಿಷಕ್ಕೆ ಮತ್ತು ಸಾಕುನಾಯಿಗಳಿಗೆ ಈ ಉಪಾಯ ನಾಟುವುದಿಲ್ಲ. ಜನರ ಸಮೀಪ ವಾಸಿಸುವುದೇ ಇವುಗಳಿಗೆ ಕುತ್ತಾಗಿರುವುದು ವಿಷಾದಕರ.

ಇವುಗಳ ಪೂರ್ವಜ ಬಂಧುವೊಂದು ಇನ್ನೂ ದೊಡ್ಡದಾಗಿತ್ತು. ನ್ಯೂ ಸೌತ್ ವೇಲ್ಸ್‌ನ ವೆಲ್ಲಿಂಗ್ಟನ್ ಗುಹೆಗಳಲ್ಲಿ ದೊರೆತ ಮೂಳೆಗಳನ್ನು ಜೋಡಿಸಿ, 2023ರಲ್ಲಿ ವಿಜ್ಞಾನಿಗಳು ಟಿಲಿಕ್ವಾ ಫ್ರಾಂಜೆನ್ಸ್‌ನ ಸ್ವರೂಪವನ್ನು ವಿವರಿಸಿದರು. ಮುಳ್ಳುಗಳಿಂದ ಕೂಡಿದ ಕವಚ ಹೊಂದಿದ್ದ ಇದರ ತೂಕ ಸುಮಾರು 2.4 ಕಿ.ಗ್ರಾಂ. ಸುಮಾರು 47,000 ವರ್ಷಗಳ ಹಿಂದೆ ಇದು ಅಳಿದುಹೋಯಿತು. ಇದೇ ಕುಲದ ಅತಿ ಚಿಕ್ಕ ಜೀವಂತ ಪ್ರಭೇದವೂ ನಿರ್ನಾಮವಾಯಿತೆಂದೇ ಭಾವಿಸಲಾಗಿತ್ತು. ಆದರೆ 1992ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಬರ್ರಾ ಬಳಿ ಸತ್ತುಬಿದ್ದಿದ್ದ ಹಾವೊಂದರ ಹೊಟ್ಟೆಯಲ್ಲಿ ಅದು ದೊರೆಯಿತು! ಬಳಿಕ ನಡೆದ ಶೋಧದಲ್ಲಿ, ಜೇಡಗಳು ತೋಡಿದ ಬಿಲಗಳಲ್ಲಿ ಜೀವಂತ ಪ್ರಾಣಿಗಳು ಪತ್ತೆಯಾದವು.

ಈ ಕಾರಣದಿಂದ 2022ರಲ್ಲಿ ಸದರಿ ಪ್ರಭೇದವನ್ನು ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೇ ಅನುಬಂಧಕ್ಕೆ ಸೇರಿಸಲಾಯಿತು. ದೇಶೀಯ ಸರೀಸೃಪಗಳನ್ನು ಜೀವಂತವಾಗಿ ವ್ಯಾಪಾರಕ್ಕೆಂದು ರಫ್ತು ಮಾಡುವುದನ್ನು ಆಸ್ಟ್ರೇಲಿಯಾ ನಿಷೇಧಿಸಿದೆ. ನ್ಯೂ ಸೌತ್ ವೇಲ್ಸ್‌ನ ನಿವಾಸಿಗಳೂ ಇವುಗಳನ್ನು ಸಾಕಲು ಪರವಾನಗಿ ಪಡೆಯಬೇಕಾಗಿದೆ.

ಭಾರತದಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ನಾಲ್ಕನೇ ಅನುಸೂಚಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಹೊಂದಿರುವವರು 2024ರ ನಿಯಮಗಳನ್ವಯ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸತಕ್ಕದ್ದು. ಆದುದರಿಂದ ಅರ್ಜಿದಾರರು ಪ್ರಾಣಿಯನ್ನು ಪಡೆಯುವ ಮೊದಲೇ ಅದರ ವೈಜ್ಞಾನಿಕ ಹೆಸರನ್ನು ಖಚಿತಪಡಿಸಿಕೊಂಡು, ಸದರಿ ಅನುಸೂಚಿಯೊಂದಿಗೆ ತಾಳೆ ನೋಡುವುದು. ಮಾರಾಟಗಾರರು ಹೇಳುವ ವಾಡಿಕೆಯ ಹೆಸರು ಇದಕ್ಕೆ ಸಾಲದು.